ಕೋಪ್ರೆಸಿಪಿಟೇಶನ್, ಕಂಬಶ್ಚನ್, ಸಾಲ್ವೋಥರ್ಮಲ್: ಮೂರೂ ಮ್ಯಾಗ್ನೆಟೈಟೇ ಅಂತೆ, ವಿಎಸ್‌ಎಂ ನಂಬರ್ ಮಾತ್ರ ಮೂರು ಥರ. ಯಾಕೆ?

ಕಪ್ಪುಪುಡಿ_ನಾಗರಭಾವಿ

ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲೇ ಒಂದು ಕಾಲೇಜಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಫೈನಲ್ ಇಯರ್ ಮಾಡ್ತಿದೀನಿ. ಪ್ರಾಜೆಕ್ಟು ಏನಪ್ಪಾ ಅಂದ್ರೆ ಮ್ಯಾಗ್ನೆಟಿಕ್ ಐರನ್ ಆಕ್ಸೈಡ್ ನ್ಯಾನೋಪಾರ್ಟಿಕಲ್ಸ್ ಮಾಡಿ ಅದ್ರಿಂದ ನೀರಲ್ಲಿರೋ ಆರ್ಸೆನಿಕ್ ಎಳೆದು ಮ್ಯಾಗ್ನೆಟ್ ಹಿಡಿದು ಹೊರಗೆ ತೆಗೆಯೋದು. ನಮ್ಮಮ್ಮನ ಕಡೆಯವ್ರು ರಾಯಚೂರು ಜಿಲ್ಲೆಯವ್ರು, ಹಟ್ಟಿ ಚಿನ್ನದ ಗಣಿ ಆ ಕಡೆ, ಅಲ್ಲಿನ ಬೋರ್‌ವೆಲ್ ನೀರಿನ ಕಥೆ ಕೇಳ್ಕೊಂಡೇ ಬೆಳೆದಿದ್ದು, ಅದಕ್ಕೇ ಈ ಟಾಪಿಕ್ ಹಿಡ್ಕೊಂಡೆ.

ಈಗ ಡೌಟ್ ಏನಂದ್ರೆ, ನಾನು ಮಾಡಿದ್ದು ಕೋಪ್ರೆಸಿಪಿಟೇಶನ್. ಫೆರಿಕ್ ಕ್ಲೋರೈಡ್ ಎರಡು ಪಾಲು, ಫೆರಸ್ ಸಲ್ಫೇಟ್ ಒಂದು ಪಾಲು, ಅಮೋನಿಯಾ ಹನಿ ಹನಿಯಾಗಿ ಹಾಕಿದೆ, ಕಪ್ಪಗೆ ಬಂತು, ತೊಳೆದು ಓವನ್‌ನಲ್ಲಿ 80 ಡಿಗ್ರಿಲಿ ರಾತ್ರಿಯೆಲ್ಲಾ ಒಣಗಿಸಿದೆ. ವಿಎಸ್‌ಎಂನಲ್ಲಿ (ಪುಡಿಯ ಮ್ಯಾಗ್ನೆಟೈಸೇಶನ್ ಅಳೆಯೋ ಮೆಷೀನು) ಸ್ಯಾಚುರೇಶನ್, ಅಂದ್ರೆ ಗರಿಷ್ಠ ಮ್ಯಾಗ್ನೆಟೈಸೇಶನ್, ಗ್ರಾಮಿಗೆ 52 ಇಎಂಯು ಬಂತು, ಲೂಪ್ ಓಪನ್ ಆಗಿಲ್ಲ, ಸೂಪರ್ ಪ್ಯಾರಾಮ್ಯಾಗ್ನೆಟಿಕ್ (ಫೀಲ್ಡ್ ತೆಗೆದ್ರೆ ಮ್ಯಾಗ್ನೆಟಿಸಂ ಉಳಿಯಲ್ಲ) ಥರಾನೇ ಇದೆ. ನನ್ ಫ್ರೆಂಡ್ ಫೆರಿಕ್ ನೈಟ್ರೇಟ್ ಗ್ಲೈಸೀನ್ ಹಾಕಿ ಕಂಬಶ್ಚನ್ ಮಾಡ್ದ, ಅವನದ್ದು 34, ಲೂಪ್ ಚೆನ್ನಾಗೇ ಓಪನ್ ಆಗಿದೆ. ಲ್ಯಾಬಲ್ಲಿ ಒಬ್ರು ಸೀನಿಯರ್ ಆಟೋಕ್ಲೇವ್‌ನಲ್ಲಿ ಎಥಿಲೀನ್ ಗ್ಲೈಕಾಲ್ ಹಾಕಿ 200 ಡಿಗ್ರಿಲಿ ಮಾಡಿದ್ದು, ಅದೇ ಸಾಲ್ವೋಥರ್ಮಲ್, 81. ಎಕ್ಸ್‌ಆರ್‌ಡಿ (ಎಕ್ಸ್‌ರೇಯಿಂದ ಕ್ರಿಸ್ಟಲ್ ರಚನೆ ನೋಡೋದು) ನೋಡಿದ್ರೆ ಮೂರೂ ಮ್ಯಾಗ್ನೆಟೈಟ್‌ನ (ಫೆರಸ್, ಫೆರಿಕ್ ಎರಡೂ ಇರೋ ಕಪ್ಪು ಐರನ್ ಆಕ್ಸೈಡ್) ರೆಫರೆನ್ಸ್ ಕಾರ್ಡಿಗೇ ಮ್ಯಾಚ್ ಆಗುತ್ತೆ. ಬಲ್ಕ್ ಮ್ಯಾಗ್ನೆಟೈಟ್‌ಗೆ 92 ಅಂತ ಎಲ್ಲಾ ಪೇಪರಲ್ಲೂ ಇದೆ.

ಗೈಡ್ ಕೇಳಿದ್ರೆ "ಸೈಜ್ ಎಫೆಕ್ಟ್ ಅಂತ ಬರ್ದುಬಿಡು" ಅಂದ್ರು. ಬರೀಬೋದು, ಆದ್ರೆ ವೈವಾದಲ್ಲಿ ಎಕ್ಸ್‌ಟರ್ನಲ್ ಕೆದಕಿದ್ರೆ ಏನ್ ಹೇಳೋದು? ನಿಜವಾಗ್ಲೂ ಸೈಜ್ ಒಂದೇನಾ? ಮತ್ತೆ ಆರ್ಸೆನಿಕ್‌ಗೆ ನಾನೂ ಆ 81ರ ಮೆಥಡ್‌ಗೇ ಹೋಗ್ಬೇಕಾ?

ಸ್ಪಿನೆಲ್_ಸ್ವಾಮಿ

ಸೈಜ್ ಅಂತ ಬರೆದ್ರೆ ತಪ್ಪಲ್ಲ, ಆದ್ರೆ ಅದು ಉತ್ತರದ ಕಾಲು ಭಾಗ ಅಷ್ಟೇ. ನಿಮ್ ಎಕ್ಸ್‌ಟರ್ನಲ್ ಮ್ಯಾಗ್ನೆಟಿಸಂ ಗೊತ್ತಿರೋರಾದ್ರೆ ಎರಡನೇ ಪ್ರಶ್ನೆಗೇ ಸಿಕ್ಕಾಕೊಳ್ತೀರ.

ಮೊದ್ಲು ಸೈಜ್ ವಿಚಾರಾನೇ ತಗೊಳ್ಳಿ. ಕಣದ ಮೇಲ್ಮೈಯಲ್ಲಿರೋ ಕಬ್ಬಿಣದ ಅಯಾನುಗಳಿಗೆ ಸುತ್ತ ಇರ್ಬೇಕಾದಷ್ಟು ಆಕ್ಸಿಜನ್ ನೆಂಟರು ಇರಲ್ಲ, ಹಾಗಾಗಿ ಅವುಗಳ ಸ್ಪಿನ್ ಒಳಗಿನವುಗಳ ಜೊತೆ ನೇರ ನಿಲ್ಲಲ್ಲ, ಓರೆಯಾಗುತ್ತೆ. 1971ರಲ್ಲಿ ಕೋಯ್ ಅನ್ನೋರು ಮ್ಯಾಗ್‌ಹೀಮೈಟ್‌ನ (ಮ್ಯಾಗ್ನೆಟೈಟ್ ಆಕ್ಸಿಡೈಸ್ ಆದ್ರೆ ಬರೋ, ಬರೀ ಫೆರಿಕ್ ಇರೋ ಆಕ್ಸೈಡ್) ಸಣ್ಣ ಕಣಗಳಿಗೆ ಮಾಸ್‌ಬಾಯರ್ (ಗಾಮಾ ಕಿರಣದಿಂದ ಕಬ್ಬಿಣದ ಸ್ಥಿತಿ ನೋಡೋ ಪರೀಕ್ಷೆ) ಮಾಡಿ ಇದನ್ನ ತೋರಿಸಿದ್ರು. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಆ ಹೊರಪದರ ಪೂರ್ತಿ ಸತ್ತೋಗಿದೆ, ಡೆಡ್ ಲೇಯರ್, ಅಂತ ಅಂದ್ಕೊಳ್ತಾರೆ. 10 ನ್ಯಾನೋಮೀಟರ್ ಕಣ, ಸುತ್ತ 1 ನ್ಯಾನೋಮೀಟರ್ ಸತ್ತ ಪದರ ಅಂದ್ರೆ ಬದುಕಿರೋ ವ್ಯಾಸ 8, ಎಂಟರ ಘನ ಭಾಗಿಸು ಹತ್ತರ ಘನ, 0.51. 92ರಲ್ಲಿ ಅರ್ಧ ಅಲ್ಲೇ ಹೋಯ್ತು, 47. ಅದೇ 20 ನ್ಯಾನೋಮೀಟರ್ ಕಣಕ್ಕೆ 67, 100ರ ಕಣಕ್ಕೆ 87. ಅಂದ್ರೆ ಸೈಜ್ ಪರಿಣಾಮ ಇದೆ, ಅದೂ ಸಣ್ಣದಲ್ಲ.

ಈಗ ಮಜಾ ನೋಡಿ. ನಿಮ್ ಶೆರರ್ ಸೈಜ್ (ಎಕ್ಸ್‌ಆರ್‌ಡಿ ಪೀಕ್‌ನ ಅಗಲದಿಂದ ಲೆಕ್ಕ ಹಾಕೋ ಅಳತೆ) ಎಷ್ಟು ಅಂತ ಹಾಕಿಲ್ಲ, ಕೋಪ್ರೆಸಿಪಿಟೇಶನ್ ಅಂದ್ರೆ 11 ಇರ್ಬೋದು ಅಂತ ಇಟ್ಕೊಳ್ಳೋಣ. ಮ್ಯಾಗ್ನೆಟೈಟ್, 1 ನ್ಯಾನೋಮೀಟರ್ ಡೆಡ್ ಲೇಯರ್, ಉತ್ತರ 50. ಅರೆ, ನಿಮ್ ನಂಬರ್ ಹತ್ರಾನೇ ಬಂತಲ್ಲ, ಸೈಜ್ ಎಫೆಕ್ಟ್ ಪ್ರೂವ್ ಆಯ್ತು ಅಂತೀರ. ನಿಲ್ಲಿ. ಅದೇ 11ರ ಕಣ ಗಾಳಿಗೆ ಆಕ್ಸಿಡೈಸ್ ಆಗಿ ಮ್ಯಾಗ್‌ಹೀಮೈಟ್ ಆಗಿದೆ ಅಂದ್ಕೊಳ್ಳಿ. ಅದರ ಬಲ್ಕ್ ನಂಬರೇ 75ರ ಹತ್ರ. ಡೆಡ್ ಲೇಯರ್ 0.6 ಇಟ್ರೆ ಉತ್ತರ 53. ಎರಡು ಬೇರೆ ಬೇರೆ ಕಥೆ, ಒಂದೇ ನಂಬರ್! 52 ಅನ್ನೋದು ಒಂದನ್ನೇ ಇಟ್ಕೊಂಡು ಕಾರಣ ಹೇಳಕ್ಕೆ ಆಗಲ್ಲ ಅನ್ನೋದು ಇದಕ್ಕೇ.

ಮತ್ತೆ ನೀವು ಬರೆದಿರೋ ವಿಧಾನ ಓದ್ತಿದ್ರೆ ಆಕ್ಸಿಡೇಶನ್ ಆಗಿರೋ ಚಾನ್ಸೇ ಜಾಸ್ತಿ. 80 ಡಿಗ್ರಿ, ತೆರೆದ ಪೆಟ್ರಿಡಿಶ್, ರಾತ್ರಿಯಿಡೀ. 10 ನ್ಯಾನೋಮೀಟರ್ ಮ್ಯಾಗ್ನೆಟೈಟ್‌ಗೆ ಅಷ್ಟು ಸಾಕು. ಪುಡಿ ಈಗ ಜೆಟ್ ಬ್ಲ್ಯಾಕ್ ಇದ್ಯಾ ಇಲ್ಲ ಸ್ವಲ್ಪ ಕಂದು ತಿರುಗಿದ್ಯಾ, ಬಿಳಿ ಪೇಪರ್ ಮೇಲೆ ತೆಳ್ಳಗೆ ಉಜ್ಜಿ ನೋಡಿ.

ಎಕ್ಸ್‌ಆರ್‌ಡಿ ಮ್ಯಾಚ್ ಆಗಿದೆ ಅನ್ನೋದನ್ನ ನಂಬ್ಕೊಂಡು ಕೂರ್ಬೇಡಿ. ಮ್ಯಾಗ್ನೆಟೈಟ್ ಲ್ಯಾಟಿಸ್ 8.396 ಆಂಗ್‌ಸ್ಟ್ರಾಮ್, ಮ್ಯಾಗ್‌ಹೀಮೈಟ್ 8.346, ಎರಡೂ ಸ್ಪಿನೆಲ್ಲೇ, ಅಂದ್ರೆ ಒಂದೇ ಥರದ ಕ್ರಿಸ್ಟಲ್ ರಚನೆ, ನ್ಯಾನೋ ಸೈಜ್‌ನಲ್ಲಿ ಪೀಕ್ ಅಗಲ ಆದಾಗ 35.5 ಡಿಗ್ರಿ ಹತ್ರ ಇರೋ ದೊಡ್ಡ ಪೀಕ್ ಎರಡಕ್ಕೂ ಒಂದೇ ಥರ ಕಾಣುತ್ತೆ. ಸಾಫ್ಟ್‌ವೇರ್ ಯಾವ ಕಾರ್ಡ್ ಮೊದ್ಲು ತೋರಿಸ್ತೋ ಅದನ್ನೇ ಎಲ್ರೂ ಬರ್ಕೊಳ್ತಾರೆ, ನಮ್ ಕಡೆ ಥೀಸಿಸ್‌ಗಳಲ್ಲಿ ಮ್ಯಾಗ್ನೆಟೈಟ್ ಅಂತ ಇರೋದ್ರಲ್ಲಿ ಎಷ್ಟು ಮ್ಯಾಗ್‌ಹೀಮೈಟೋ ದೇವ್ರಿಗೇ ಗೊತ್ತು.

ನುಗ್ಗೆಸೊಪ್ಪು

ಬ್ರೋ ಗ್ರೀನ್ ಸಿಂಥೆಸಿಸ್ ಮಾಡಿ, ನುಗ್ಗೆ ಸೊಪ್ಪಿನ ಎಕ್ಸ್‌ಟ್ರಾಕ್ಟ್ ಹಾಕಿದ್ರೆ ರೂಮ್ ಟೆಂಪರೇಚರ್‌ನಲ್ಲೇ ಕಪ್ಪಗಾಗುತ್ತೆ, ಇಕೋ ಫ್ರೆಂಡ್ಲಿ, ಪೇಪರ್‌ಗೂ ಈಸಿ.

ಸ್ಪಿನೆಲ್_ಸ್ವಾಮಿ

ಕಪ್ಪಗಾಗೋದೆಲ್ಲಾ ಮ್ಯಾಗ್ನೆಟೈಟ್ ಅಲ್ಲ ಸ್ವಾಮಿ. ಟೀ ಡಿಕಾಕ್ಷನ್‌ಗೆ ಫೆರಿಕ್ ಕ್ಲೋರೈಡ್ ಒಂದು ಚಮಚ ಹಾಕಿದ್ರೂ ಕರ್ರಗಾಗುತ್ತೆ, ಅದು ಐರನ್ ಟ್ಯಾನೇಟ್, ಹಿಂದಿನ ಕಾಲದ ಶಾಯಿ. ಎಲೆ ರಸದ ಪಾಲಿಫೀನಾಲ್‌ಗಳು ಫೆರಿಕ್ ಜೊತೆ ಇದೇ ಥರ ಕಾಂಪ್ಲೆಕ್ಸ್ ಆಗಿ ಕೂರ್ತವೆ, ಬಹಳ ಸಲ ಅಮಾರ್ಫಸ್, ಮ್ಯಾಗ್ನೆಟ್ ತಂದ್ರೆ ಅಲ್ಲಾಡಲ್ಲ. ಎಲೆ ರಸ ಹಾಕಿ ಜೊತೆಗೆ ಫೆರಸ್ಸೂ ಹಾಕಿ ಕೊನೆಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ್ರೆ ಮ್ಯಾಗ್ನೆಟಿಕ್ ಬರುತ್ತೆ, ಸರಿ, ಆದ್ರೆ ಅದು ಕೋಪ್ರೆಸಿಪಿಟೇಶನ್ನೇ, ಸೊಪ್ಪು ಬರೀ ಕೋಟಿಂಗ್. ಆರ್ಸೆನಿಕ್‌ಗೆ ಬೇಕಾಗಿರೋದು ಖಾಲಿ ಮೇಲ್ಮೈ, ಅದನ್ನ ಸೊಪ್ಪಿನ ರಸದಿಂದ ಮುಚ್ಚಿ ಏನ್ ಸಾಧಿಸ್ತೀರ?

ಯಶವಂತಪುರ_ಫರ್ನೆಸ್

ಕಂಬಶ್ಚನ್ ಬಗ್ಗೆ ನಾನು ಹೇಳ್ತೀನಿ, ಅದು ನಮ್ಮೂರಿನ ವಿದ್ಯೆ. ಐಐಎಸ್‌ಸಿಯ ಕೆ. ಸಿ. ಪಾಟೀಲ್ ಅವರ ಗುಂಪು 1988ರಲ್ಲಿ ಅಲ್ಯೂಮಿನಿಯಂ ನೈಟ್ರೇಟ್ ಯೂರಿಯಾ ಸೇರಿಸಿ 500 ಡಿಗ್ರಿ ಮಫಲ್ ಫರ್ನೆಸ್‌ನಲ್ಲಿಟ್ಟು ಉರಿಸಿ ನಿಮಿಷಗಳಲ್ಲಿ ಆಲ್ಫಾ ಅಲ್ಯೂಮಿನಾ ತೆಗೆದ್ರು, ಬೇರೆ ದಾರಿಲಿ ಸಾವಿರ ಡಿಗ್ರಿ ಮೇಲೆ ಬೇಕಾಗೋದು. ಆಮೇಲೆ ಅದೇ ಐಡಿಯಾ ಫೆರೈಟ್‌ಗಳಿಗೂ (ಕಬ್ಬಿಣದ ಜೊತೆ ಬೇರೆ ಲೋಹ ಸೇರಿದ ಆಕ್ಸೈಡ್) ಬಂತು, ಪ್ರಪಂಚದಲ್ಲೆಲ್ಲಾ ಹಬ್ಬಿತು.

ಇಂಧನ ಎಷ್ಟು ಹಾಕ್ಬೇಕು ಅನ್ನೋ ಲೆಕ್ಕ ರಾಕೆಟ್ ಪ್ರೊಪೆಲ್ಲೆಂಟ್ ಕಡೆಯಿಂದ ಬಂದಿದ್ದು. ಕಾರ್ಬನ್ ಪ್ಲಸ್ 4, ಹೈಡ್ರೋಜನ್ ಪ್ಲಸ್ 1, ಆಕ್ಸಿಜನ್ ಮೈನಸ್ 2, ನೈಟ್ರೋಜನ್ ಸೊನ್ನೆ, ಫೆರಿಕ್ ಪ್ಲಸ್ 3. ಫೆರಿಕ್ ನೈಟ್ರೇಟ್ ಕೂಡಿದ್ರೆ ಮೈನಸ್ 15, ಗ್ಲೈಸೀನ್ ಪ್ಲಸ್ 9. ಹಾಗಾಗಿ ಒಂದು ಮೋಲ್ ನೈಟ್ರೇಟ್‌ಗೆ 15 ಭಾಗಿಸು 9, ಅಂದ್ರೆ 1.67 ಮೋಲ್ ಗ್ಲೈಸೀನ್ ಹಾಕಿದ್ರೆ ಲೆಕ್ಕ ಚುಕ್ತಾ. ಅಷ್ಟೇ ಹಾಕಿದ್ರೆ ಬೆಂಕಿ ಜೋರು, ಕಡಿಮೆ ಹಾಕಿದ್ರೆ ಹೊಗೆ, ಹೆಚ್ಚು ಹಾಕಿದ್ರೆ ಆಕ್ಸಿಜನ್ ಸಾಲದೆ ರೆಡ್ಯೂಸಿಂಗ್ ವಾತಾವರಣ.

ಈಗ ನಿಮ್ ಫ್ರೆಂಡ್ ಕೇಸು. ಶುರುಮಾಡಿದ್ದೇ ಫೆರಿಕ್‌ನಿಂದ, ಫೆರಸ್ ಅನ್ನೋದೇ ಇಲ್ಲ. ಅದು ಮ್ಯಾಗ್ನೆಟೈಟ್ ಆಗ್ಬೇಕು ಅಂದ್ರೆ ಮೂರರಲ್ಲಿ ಒಂದು ಪಾಲು ಕಬ್ಬಿಣ ಉರಿಯೋವಾಗ್ಲೇ ಫೆರಸ್ ಆಗಿ, ತಣ್ಣಗಾಗೋವಾಗ ಗಾಳಿಗೆ ಸಿಗದೆ ಉಳೀಬೇಕು. ಬಿಸಿ ಬಿಸಿ ಬೂದಿ ಬಾಯ್ತೆರೆದ ಡಿಶ್‌ನಲ್ಲಿ ಕೂತಿದ್ರೆ ಎಲ್ಲುಳಿಯುತ್ತೆ? ಮ್ಯಾಗ್‌ಹೀಮೈಟ್ ಆಗುತ್ತೆ, ಇನ್ನೂ ಬಿಸಿ ಉಳಿದ್ರೆ ಹೀಮಟೈಟ್ ಆಗುತ್ತೆ. ಹೀಮಟೈಟ್ ಗ್ರಾಮಿಗೆ ಅರ್ಧ ಇಎಂಯು ಕೂಡ ಕೊಡಲ್ಲ, ಕೆಲಸಗಳ್ಳ, ತೂಕಕ್ಕೆ ಮಾತ್ರ ಹಾಜರ್. ಅರ್ಧ ಪುಡಿ ಅದೇ ಆಗಿದ್ರೆ ನಂಬರ್ ಅರ್ಧ ಆಗೋದು ಸಹಜ, ಸೈಜ್‌ಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಲೂಪ್ ಓಪನ್ ಆಗಿರೋದೂ ಇದೇ ಕಥೆ ಹೇಳ್ತಿದೆ. ಉರಿಯೋದು ಕ್ಷಣ ಮಾತ್ರ ಆದ್ರೂ ಟೆಂಪರೇಚರ್ ಸಾವಿರ ದಾಟುತ್ತೆ, ಕ್ರಿಸ್ಟಲ್‌ಗಳು ದಪ್ಪ ಆಗಿ ಒಂದಕ್ಕೊಂದು ಅಂಟ್ಕೊಳ್ತವೆ, ಸೂಪರ್ ಪ್ಯಾರಾಮ್ಯಾಗ್ನೆಟಿಕ್ ಮಿತಿ ದಾಟಿಬಿಡ್ತವೆ. ಅಂದ್ರೆ ನೋಡಿ, ನಿಮಗಿಂತ ಅವನ ಕಣ ದೊಡ್ಡದು, ಮ್ಯಾಗ್ನೆಟೈಸೇಶನ್ ಕಮ್ಮಿ. ಗೈಡ್ ಹೇಳಿದ ಸೈಜ್ ಎಫೆಕ್ಟ್ ಉಲ್ಟಾ ಹೊಡೀತಲ್ಲ.

ಬ್ರೌನ್_ಪುಡಿ_ನಂದೇ

ಲೋ ಮಗಾ, ನನ್ ಸ್ಯಾಂಪಲ್ ತಂದು ಇಲ್ಲಿ ಮಾನ ಕಳೀತಿದ್ಯಾ 😂 ಸರಿ ಬಂದಿದೀನಿ ಕೇಳ್ತೀನಿ. ಸರ್, ನಾನು ಗ್ಲೈಸೀನ್ 1 ಮೋಲ್ ಲೆಕ್ಕದಲ್ಲಿ ಹಾಕಿದ್ದು. ಎಕ್ಸ್‌ಆರ್‌ಡಿಲಿ 33 ಡಿಗ್ರಿ ಹತ್ರ ಒಂದು ಸಣ್ಣ ಪೀಕ್ ಇತ್ತು, ನಾಯ್ಸ್ ಅಂದ್ಕೊಂಡು ಬಿಟ್ಟಿದ್ವಿ. ಗ್ಲೈಸೀನ್ ಜಾಸ್ತಿ ಮಾಡಿ 2.5 ಹಾಕ್ಲಾ?

ಯಶವಂತಪುರ_ಫರ್ನೆಸ್

33.2ರಲ್ಲಿ ಇದ್ರೆ ಅದು ನಾಯ್ಸ್ ಅಲ್ಲಪ್ಪ, ಹೀಮಟೈಟ್‌ನ ಅತಿ ದೊಡ್ಡ ಪೀಕೇ ಅದು. ಸಣ್ಣದಾಗಿದ್ರೂ ಬಿಡಂಗಿಲ್ಲ. 1 ಮೋಲ್ ಅಂದ್ರೆ ಇಂಧನ ಕಮ್ಮಿ ಆಯ್ತು, ಆಕ್ಸಿಜನ್ ಮಿಕ್ತು, ಹೀಮಟೈಟ್ ಬಂತು, ನೇರ ಲೆಕ್ಕ.

ಜಾಸ್ತಿ ಮಾಡೋದು ಸರಿ, ಆದ್ರೆ ಜೋಪಾನ. ಗ್ಲೈಸೀನ್ ನೈಟ್ರೇಟ್ ಜೊತೆ ಹುಚ್ಚು ಥರ ಉರಿಯುತ್ತೆ, ಪುಡಿ ಎಲ್ಲಾ ಹಾರಿಹೋಗುತ್ತೆ, ದೊಡ್ಡ ಬ್ಯಾಚ್ ಯಾವತ್ತೂ ಬೇಡ, ಫ್ಯೂಮ್ ಹುಡ್ ಒಳಗೆ, ಗಾಜಿನ ಬಾಗಿಲು ಇಳಿಸಿ, ಮುಖ ದೂರ. ಆಗಲ್ಲ ಅನ್ಸಿದ್ರೆ ಸಿಟ್ರಿಕ್ ಆಸಿಡ್ ಹಾಕು, ಅದು ಸ್ವಲ್ಪ ಶಾಂತ ಸ್ವಭಾವದ್ದು. ಇಂಧನ ತುಂಬಾ ಜಾಸ್ತಿ ಆದ್ರೆ ಇಂಗಾಲ ಉಳಿದುಬಿಡುತ್ತೆ, ಪುಡಿ ಕಪ್ಪಗೆ ಚೆನ್ನಾಗಿ ಕಾಣುತ್ತೆ, ಅದನ್ನೂ ಮ್ಯಾಗ್ನೆಟೈಟ್ ಅಂದ್ಕೊಂಡು ಮೋಸ ಹೋಗ್ಬೇಡ.

ನನ್ನ ಕೇಳಿದ್ರೆ ಬರೀ ಐರನ್ ಆಕ್ಸೈಡ್‌ಗೆ ಕಂಬಶ್ಚನ್ ಯಾಕೆ ಬೇಕು ಅಂತೀನಿ. ನಿಕಲ್ ಜಿಂಕ್ ಫೆರೈಟ್, ಕೋಬಾಲ್ಟ್ ಫೆರೈಟ್ ಥರ ಎರಡ್ಮೂರು ಲೋಹ ಸರಿಯಾದ ಅಳತೆಲಿ ಬೆರೀಬೇಕಾದಾಗ ಈ ವಿಧಾನಕ್ಕೆ ಸಾಟಿ ಇಲ್ಲ, ಎಲ್ಲಾ ಒಂದೇ ದ್ರಾವಣದಲ್ಲಿ ಅಯಾನ್ ಮಟ್ಟದಲ್ಲಿ ಬೆರೆತಿರುತ್ತೆ, ಹಾಕಿದ್ದೇ ಬರುತ್ತೆ. ಕೋಪ್ರೆಸಿಪಿಟೇಶನ್‌ನಲ್ಲಿ ಒಂದು ಲೋಹ ಒಂದು ಪಿಎಚ್‌ಗೆ ಇಳಿದ್ರೆ ಇನ್ನೊಂದು ಇನ್ನೊಂದಕ್ಕೆ ಇಳಿಯುತ್ತೆ, ಅಮೋನಿಯಾ ಜಾಸ್ತಿ ಆದ್ರೆ ನಿಕಲ್, ಜಿಂಕ್ ಎರಡೂ ಕಾಂಪ್ಲೆಕ್ಸ್ ಆಗಿ ವಾಪಸ್ ನೀರಿಗೇ ಹೋಗ್ತವೆ.

ಜಕ್ಕೂರು_ಕೆರೆ

ಆ 81ರ ಬಗ್ಗೆ ಯಾರೂ ಹೇಳಿಲ್ಲ ಅಂತ ಬರೀತಿದೀನಿ. ನಾನು ಹೆಚ್ಚಾಗಿ ಥರ್ಮಲ್ ಡೀಕಂಪೊಸಿಶನ್, ಸಾಲ್ವೋಥರ್ಮಲ್ ಕಡೆ ಕೆಲಸ ಮಾಡಿರೋದು.

ನಿಮ್ ಸೀನಿಯರ್ ಮಾಡಿರೋದು 2005ರಲ್ಲಿ ಬಂದ ಒಂದು ಫೇಮಸ್ ರೆಸಿಪಿಯ ವಂಶದ್ದೇ ಇರುತ್ತೆ: ಫೆರಿಕ್ ಕ್ಲೋರೈಡ್, ಸೋಡಿಯಂ ಅಸಿಟೇಟ್, ಎಥಿಲೀನ್ ಗ್ಲೈಕಾಲ್, 200 ಡಿಗ್ರಿ. ಇಲ್ಲಿ ಗ್ಲೈಕಾಲ್ ಬರೀ ಸಾಲ್ವೆಂಟ್ ಅಲ್ಲ, ಫೆರಿಕ್‌ನಲ್ಲಿ ಒಂದಷ್ಟನ್ನ ಫೆರಸ್ ಮಾಡೋದೇ ಅದು. ಮುಚ್ಚಿದ ಪಾತ್ರೆ, ಗಾಳಿ ಬರಲ್ಲ, ಗಂಟೆಗಟ್ಟಲೆ ಬಿಸಿ, ಕ್ರಿಸ್ಟಲ್ ಚೆನ್ನಾಗಿ ಕೂರಕ್ಕೆ ಟೈಮ್ ಸಿಗುತ್ತೆ. ಎಸ್‌ಇಎಂನಲ್ಲಿ ನೋಡಿ, 200, 300 ನ್ಯಾನೋಮೀಟರ್ ಉಂಡೆಗಳು ಕಾಣ್ತವೆ. ಶೆರರ್ ಹಾಕಿದ್ರೆ 20, 30 ಅಂತ ಬರುತ್ತೆ. ಎರಡೂ ಸರಿನೇ, ಯಾಕಂದ್ರೆ ಒಂದೊಂದು ಉಂಡೆಯೂ ಸಾವಿರಾರು ಸಣ್ಣ ಕ್ರಿಸ್ಟಲ್ ಕೂಡಿಕೊಂಡು ಆಗಿರೋದು. ಶೆರರ್ ಕೊಡೋದು ಕ್ರಿಸ್ಟಲ್ ಅಳತೆ, ಕಣದ ಅಳತೆ ಅಲ್ಲ, ಇದನ್ನ ವೈವಾದಲ್ಲಿ ಕೇಳೇ ಕೇಳ್ತಾರೆ. ಹೊರಗಿನ ಗಾಳಿಗೆ ತೆರೆದಿರೋ ಮೇಲ್ಮೈ ಕಡಿಮೆ, ಅದಕ್ಕೇ ಒಣಗಿಸೋವಾಗ್ಲೂ ಅಷ್ಟಾಗಿ ಆಕ್ಸಿಡೈಸ್ ಆಗಲ್ಲ, 81 ಉಳಿಯುತ್ತೆ. ಆದ್ರೆ ಆ ಕಡಿಮೆ ಮೇಲ್ಮೈಯೇ ಆರ್ಸೆನಿಕ್‌ಗೆ ಕೂರಕ್ಕೆ ಜಾಗ ಕಡಿಮೆ ಮಾಡುತ್ತೆ, ಮರೀಬೇಡಿ.

ಇನ್ನು ಎಲ್ರೂ ಕೈ ಮುಗಿಯೋ ಥರ್ಮಲ್ ಡೀಕಂಪೊಸಿಶನ್. 2002ರಲ್ಲಿ ಸನ್ ಮತ್ತು ಝೆಂಗ್ ಐರನ್ ಅಸಿಟೈಲ್ ಅಸಿಟೋನೇಟ್‌ನಿಂದ ಮಾಡಿದ್ರು, 2004ರಲ್ಲಿ ಕೊರಿಯಾದ ಹಿಯಾನ್ ಗುಂಪು ಐರನ್ ಓಲಿಯೇಟ್ ತಗೊಂಡು ಆಕ್ಟಡೆಸೀನ್‌ನಲ್ಲಿ 320 ಡಿಗ್ರಿಗೆ ಕಾಯಿಸಿ ಒಂದೇ ಏಟಿಗೆ 40 ಗ್ರಾಂ ತೆಗೆದ್ರು. ಟಿಇಎಂ ಚಿತ್ರ ನೋಡಿದ್ರೆ ಕಣ್ಣಿಗೆ ಹಬ್ಬ, ಒಂದು ಕಣಕ್ಕೂ ಇನ್ನೊಂದಕ್ಕೂ ವ್ಯತ್ಯಾಸಾನೇ ಇಲ್ಲ. ಯಾಕಂದ್ರೆ ಬೀಜ ಕಟ್ಟೋದೂ ಬೆಳೆಯೋದೂ ಬೇರೆ ಬೇರೆ ಹೊತ್ತಲ್ಲಿ ಆಗುತ್ತೆ. ಎಲ್ಲಾ ಒಂದೇ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳ ಥರ ಒಟ್ಟಿಗೇ ಎತ್ತರ ಆಗ್ತವೆ. ಕೋಪ್ರೆಸಿಪಿಟೇಶನ್‌ನಲ್ಲಿ ಅಮೋನಿಯಾ ಹನಿ ಬಿದ್ದಲ್ಲೆಲ್ಲಾ ಹೊಸ ಬೀಜ ಹುಟ್ಟುತ್ತೆ, ಅಷ್ಟೊತ್ತಿಗೆ ಹಳೇವು ಬೆಳೆದಿರ್ತವೆ, 5ರಿಂದ 20ರವರೆಗೆ ಎಲ್ಲಾ ಸೈಜೂ ಇರುತ್ತೆ.

ಆದ್ರೆ ಒಂದೇ ಸೈಜ್ ಅಂದಮಾತ್ರಕ್ಕೆ ಮ್ಯಾಗ್ನೆಟೈಸೇಶನ್ ಜಾಸ್ತಿ ಅಂತ ಅಲ್ಲ, ಇದನ್ನ ಬಹಳ ಜನ ತಪ್ಪು ತಿಳ್ಕೊಂಡಿದಾರೆ. ಓಲಿಯೇಟ್ ದಾರಿಲಿ ಆಕ್ಸಿಜನ್ ಸಿಗದ ಕಾರಣ ಒಳಗೆ ಮೊದ್ಲು ವುಸ್ಟೈಟ್ (ಫೆರಸ್ ಆಕ್ಸೈಡ್) ಆಗುತ್ತೆ, ಅದು ರೂಮ್ ಟೆಂಪರೇಚರ್‌ನಲ್ಲಿ ಮ್ಯಾಗ್ನೆಟ್‌ಗೆ ಲೆಕ್ಕಕ್ಕಿಲ್ಲ, ಹೊರಗಿಂದ ಆಕ್ಸಿಡೈಸ್ ಆಗ್ತಾ ಬಂದ ಹಾಗೆ ಮ್ಯಾಗ್ನೆಟೈಟ್ ಚಿಪ್ಪು ಕಟ್ಟುತ್ತೆ. ಪೂರ್ತಿ ತಿರುಗಿದ ಮೇಲೂ ಒಳಗೆ ಆ್ಯಂಟಿಫೇಸ್ ಬೌಂಡರಿಗಳು (ಕ್ರಿಸ್ಟಲ್ ಸಾಲು ತಪ್ಪಿ ಸೇರಿದ ಜಾಗಗಳು) ಉಳ್ಕೊಂಡು ನಂಬರ್ ಇಳಿಸ್ತವೆ. ಇನ್ನೊಂದು, ಕಣದ ಸುತ್ತ ಓಲಿಯಿಕ್ ಆಸಿಡ್ ಇರುತ್ತಲ್ಲ, ಅದೂ ತಕ್ಕಡಿಲಿ ತೂಗುತ್ತೆ. ಟಿಜಿಎನಲ್ಲಿ (ಕಾಯಿಸ್ತಾ ತೂಕ ಎಷ್ಟು ಇಳಿಯುತ್ತೆ ಅಂತ ನೋಡೋ ಪರೀಕ್ಷೆ) 20 ಪರ್ಸೆಂಟ್ ಆರ್ಗ್ಯಾನಿಕ್ ಇದ್ದು ವಿಎಸ್‌ಎಂ 60 ತೋರಿಸಿದ್ರೆ ನಿಜವಾದ ಆಕ್ಸೈಡ್‌ಗೆ 75 ಬಂದಂಗೆ. ತಿದ್ದದೆ ಹಾಕಿರೋ ಪೇಪರ್‌ಗಳ ಜೊತೆ ಹೋಲಿಸಿ ಕೊರಗ್ಬೇಡಿ.

ನಿಮ್ಮ ಕೆಲಸಕ್ಕಂತೂ ಅದು ಬೇಡವೇ ಬೇಡ. ಎಣ್ಣೆ ಮೆತ್ತಿದ ಕಣ ನೀರಿಗೆ ಇಳಿಯಲ್ಲ, ಇಳಿಸಕ್ಕೆ ಲಿಗ್ಯಾಂಡ್ ಬದಲಿಸ್ಬೇಕು, ಆಕ್ಟಡೆಸೀನ್ ರೇಟ್ ಕೇಳಿದ್ರೆ ನಿಮ್ ಡಿಪಾರ್ಟ್‌ಮೆಂಟ್‌ನವ್ರು ಓಡೋಗ್ತಾರೆ.

ಹಳೇಕೈ_ಮಲ್ಲೇಶ್ವರ

ಸೈಜ್ ಕಡಿಮೆ ಆದ್ರೆ ಮ್ಯಾಗ್ನೆಟೈಸೇಶನ್ ಕಡಿಮೆ ಅಂತ ಪಾಠ ಒಪ್ಪಿಸೋರಿಗೆಲ್ಲಾ ನಾನು ಜಿಂಕ್ ಫೆರೈಟ್ ತೋರಿಸ್ತೀನಿ. ದಪ್ಪ ಪುಡಿ, ಸೆರಾಮಿಕ್ ದಾರಿಲಿ ನಿಧಾನವಾಗಿ ಸುಟ್ಟು ಮಾಡಿದ್ದು, ರೂಮ್ ಟೆಂಪರೇಚರ್‌ನಲ್ಲಿ ಮ್ಯಾಗ್ನೆಟ್‌ಗೆ ಅಂಟಲ್ಲ, 10 ಕೆಲ್ವಿನ್ ಹತ್ರ ಆ್ಯಂಟಿಫೆರೋ ಆಗುತ್ತೆ ಅಷ್ಟೇ. ಅದನ್ನೇ ನ್ಯಾನೋ ಮಾಡಿ, ಕೋಪ್ರೆಸಿಪಿಟೇಶನ್‌ನಲ್ಲೋ ಬಾಲ್ ಮಿಲ್‌ನಲ್ಲೋ, ಮ್ಯಾಗ್ನೆಟ್‌ಗೆ ಓಡಿ ಬರುತ್ತೆ! ಸಣ್ಣ ಆದಷ್ಟೂ ಜಾಸ್ತಿ. ಕಾರಣ ಸ್ಪಿನೆಲ್ ಒಳಗೆ ಯಾರು ಎಲ್ಲಿ ಕೂತಿದಾರೆ ಅನ್ನೋದು. ಜಿಂಕ್‌ಗೆ ಟೆಟ್ರಾಹೀಡ್ರಲ್ ಜಾಗ (ಸುತ್ತ ನಾಲ್ಕು ಆಕ್ಸಿಜನ್) ಇಷ್ಟ, ಪುರುಸೊತ್ತು ಕೊಟ್ರೆ ಎಲ್ಲಾ ಜಿಂಕೂ ಅಲ್ಲೇ ಕೂರುತ್ತೆ, ಕಬ್ಬಿಣ ಎಲ್ಲಾ ಆಕ್ಟಾಹೀಡ್ರಲ್‌ಗೆ (ಸುತ್ತ ಆರು). ಕಡಿಮೆ ಟೆಂಪರೇಚರ್‌ನಲ್ಲಿ ಗಡಿಬಿಡಿಲಿ ಮಾಡಿದ್ರೆ ಸೀಟ್ ಅದಲು ಬದಲಾಗುತ್ತೆ, ಒಂದಷ್ಟು ಕಬ್ಬಿಣ ಟೆಟ್ರಾಹೀಡ್ರಲ್‌ನಲ್ಲಿ ಕೂತ ಕೂಡ್ಲೇ ಎರಡೂ ಜಾಗದ ಕಬ್ಬಿಣಗಳ ನಡುವೆ ಬಲವಾದ ಕೊಂಡಿ ಬೀಳುತ್ತೆ, ಮ್ಯಾಗ್ನೆಟಿಸಂ ಹುಟ್ಟುತ್ತೆ. ಇದನ್ನೇ 800 ಡಿಗ್ರಿಲಿ ಅನೀಲ್ ಮಾಡಿ, ಮತ್ತೆ ಸುಮ್ನಾಗಿಬಿಡುತ್ತೆ.

ಸೂಪರ್ ಪ್ಯಾರಾಮ್ಯಾಗ್ನೆಟಿಕ್ ಮಿತಿ 20 ನ್ಯಾನೋಮೀಟರ್ ಅಂತ ಎಲ್ಲಾ ಆಕ್ಸೈಡ್‌ಗೂ ಹಾಕ್ತಾರೆ, ಅದೂ ತಪ್ಪು. ಅನೈಸೋಟ್ರಪಿ (ಸ್ಪಿನ್ ದಿಕ್ಕು ತಿರುಗದಂತೆ ಹಿಡಿಯೋ ಶಕ್ತಿ) ಸಲ ವಾಲ್ಯೂಮ್ 25 ಕೆಟಿಗಿಂತ (ಕೆಟಿ ಅಂದ್ರೆ ಉಷ್ಣ ಶಕ್ತಿ) ಕಮ್ಮಿ ಇರ್ಬೇಕು ಅನ್ನೋ ಲೆಕ್ಕದಲ್ಲಿ ಮ್ಯಾಗ್ನೆಟೈಟ್‌ಗೆ 25 ನ್ಯಾನೋಮೀಟರ್ ಬರುತ್ತೆ, ಕೋಬಾಲ್ಟ್ ಫೆರೈಟ್‌ದು ಹತ್ತು ಪಟ್ಟಿಗೂ ಹೆಚ್ಚು ಗಟ್ಟಿ, ಅದಕ್ಕೆ ಸುಮಾರು 10.

ಬಾಲ್ ಮಿಲ್ ಅಂದ್ನಲ್ಲ, ಒಂದು ಮಾತು. ಫೆರೋಫ್ಲೂಯಿಡ್ (ಮ್ಯಾಗ್ನೆಟ್‌ಗೆ ಸೆಳೆಯೋ ದ್ರವ) ಹುಟ್ಟಿದ್ದೇ ಹಾಗೆ, 1960ರ ದಶಕದಲ್ಲಿ ನಾಸಾದ ಸ್ಟೀಫನ್ ಪ್ಯಾಪೆಲ್ ಮ್ಯಾಗ್ನೆಟೈಟ್‌ನ ಓಲಿಯಿಕ್ ಆಸಿಡ್ ಜೊತೆ ದಿನಗಟ್ಟಲೆ ಅರೆದು ಮಾಡಿದ್ದು. 1981ರಲ್ಲಿ ಫ್ರಾನ್ಸ್‌ನ ಮಸ್ಸಾರ್ ಸರ್ಫ್ಯಾಕ್ಟೆಂಟೇ ಇಲ್ಲದೆ ನೀರಲ್ಲೇ ಕೋಪ್ರೆಸಿಪಿಟೇಶನ್‌ನಲ್ಲಿ ಮಾಡಿ ತೋರಿಸಿದ ಮೇಲೆ ಅರೆಯೋ ಕಷ್ಟ ತಪ್ತು. ಈಗಲೂ ಯಾರಾದ್ರೂ ಸ್ಟೀಲ್ ಗುಂಡು ಹಾಕಿ ಅರೆದು ನಂಬರ್ ಜಾಸ್ತಿ ಬಂತು ಅಂತ ಕುಣಿದ್ರೆ ನಂಬ್ಬೇಡಿ. ಗುಂಡು ಸವೆದು ಕಬ್ಬಿಣವೇ ಪುಡಿಗೆ ಬೆರೆತಿರುತ್ತೆ, ಅದು ಗ್ರಾಮಿಗೆ 218 ಇಎಂಯು, ಚೂರೇ ಚೂರು ಸಾಕು.

ವಿಎಸ್‌ಎಂನವ್ರನ್ನೂ ಕೇಳಿ, ಎಷ್ಟು ಫೀಲ್ಡ್‌ವರೆಗೆ ಓಡಿಸಿದ್ರು, ಎಷ್ಟು ಮಿಲಿಗ್ರಾಂ ತೂಗಿದ್ರು, ನಿಕಲ್ ಸ್ಟ್ಯಾಂಡರ್ಡ್ ಹಾಕಿ ಕ್ಯಾಲಿಬ್ರೇಟ್ ಮಾಡಿದ್ರಾ ಅಂತ. ಸಣ್ಣ ಕಣಗಳ ಗ್ರಾಫ್ ಕೊನೆವರೆಗೂ ಏರ್ತಾನೇ ಇರುತ್ತೆ, ಅದು ಸ್ಯಾಚುರೇಶನ್ನೇ ಅಲ್ಲ.

ಕಪ್ಪುಪುಡಿ_ನಾಗರಭಾವಿ

ಅಬ್ಬಾ, ಇಷ್ಟು ಯಾರೂ ಕ್ಲಾಸಲ್ಲಿ ಹೇಳಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಸ್ವಾಮಿ ಸರ್ ಹೇಳಿದಂಗೆ ಪೇಪರ್ ಮೇಲೆ ಉಜ್ಜಿದೆ, ರಾಶಿಯಾಗಿದ್ದಾಗ ಕಪ್ಪು, ತೆಳ್ಳಗೆ ಮಾಡಿದ್ರೆ ಕಾಫಿ ಪುಡಿ ಬಣ್ಣ. ಶೆರರ್ 11.4 ಬರುತ್ತೆ. ಫೆರಸ್ ಸಲ್ಫೇಟ್ ಬಾಟ್ಲು ಹಳೇದು, ಮೇಲ್ಗಡೆ ಹಳದಿ ಕಟ್ಟಿತ್ತು. ನೈಟ್ರೋಜನ್ ಬಿಟ್ಟಿರ್ಲಿಲ್ಲ, ಸಿಲಿಂಡರ್ ಖಾಲಿ. ಮಾಸ್‌ಬಾಯರ್ ಸದ್ಯಕ್ಕಂತೂ ಸಿಗಲ್ಲ, ರಾಮನ್‌ಗೆ ಸ್ಲಾಟ್ ಸಿಗ್ಬೋದು ಅಂತಿದಾರೆ. ಬೇರೆ ದಾರಿ ಇದ್ಯಾ?

ಸ್ಪಿನೆಲ್_ಸ್ವಾಮಿ

ಇದೆ, ನಿಮ್ ಲ್ಯಾಬಲ್ಲೇ ಇದೆ, ಬ್ಯುರೆಟ್. ನ್ಯಾನೋ ಅಂದ ತಕ್ಷಣ ಎಲ್ರೂ ದೊಡ್ಡ ಮೆಷೀನ್ ಹುಡುಕ್ತಾರೆ, ಎಂಎಸ್ಸಿ ಹುಡುಗ್ರು ಟೈಟ್ರೇಶನ್ ಮರೆತೇ ಬಿಟ್ಟಿದಾರೆ. ಮ್ಯಾಗ್ನೆಟೈಟ್‌ನಲ್ಲಿ ಒಟ್ಟು ಕಬ್ಬಿಣದ ಮೂರನೇ ಒಂದು ಭಾಗ ಫೆರಸ್ ಇರ್ಬೇಕು, ಮ್ಯಾಗ್‌ಹೀಮೈಟ್‌ನಲ್ಲಿ ಸೊನ್ನೆ. ಪುಡಿ ತೂಗಿ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿ, ಫ್ಲಾಸ್ಕ್‌ಗೆ ಚಿಟಿಕೆ ಸೋಡಿಯಂ ಬೈಕಾರ್ಬೊನೇಟ್ ಹಾಕಿದ್ರೆ ಅದ್ರಿಂದ ಏಳೋ ಕಾರ್ಬನ್ ಡೈಆಕ್ಸೈಡೇ ಗಾಳಿ ತಡೆಯುತ್ತೆ. ಫೆರಸ್‌ಗೆ ಡೈಕ್ರೋಮೇಟ್ ಟೈಟ್ರೇಶನ್. ಒಟ್ಟು ಕಬ್ಬಿಣಕ್ಕೆ ಹೈಡ್ರಾಕ್ಸಿಲಮೀನ್ ಹಾಕಿ ಫಿನಾಂತ್ರೋಲೀನ್ ಬಣ್ಣ ಬರಿಸಿ 510ರಲ್ಲಿ ಓದಿ. ರಾಮನ್‌ಗೆ ಹೋದ್ರೆ ಲೇಸರ್ ಪವರ್ ತೀರಾ ಕಡಿಮೆ ಇಡಕ್ಕೆ ಹೇಳಿ, ಲೇಸರ್ ಬಿಸಿಗೇ ಮ್ಯಾಗ್ನೆಟೈಟ್ ಆಕ್ಸಿಡೈಸ್ ಆಗಿ ಹೀಮಟೈಟ್‌ವರೆಗೂ ಹೋಗಿಬಿಡುತ್ತೆ, ಇಲ್ಲದ್ದನ್ನ ಇದೆ ಅಂತ ತೋರಿಸುತ್ತೆ. 670 ಹತ್ರ ಒಂದೇ ದೊಡ್ಡ ಬ್ಯಾಂಡ್ ಇದ್ರೆ ಮ್ಯಾಗ್ನೆಟೈಟ್, 350, 500, 700 ಅಂತ ಅಗಲವಾಗಿ ಮೂರು ಬಂದ್ರೆ ಮ್ಯಾಗ್‌ಹೀಮೈಟ್.

ಮತ್ತೆ ಮಾಡೋದಾದ್ರೆ ಫೆರಸ್ ಸಲ್ಫೇಟ್ ಬಿಟ್ಟು ಮೋಹರ್ಸ್ ಸಾಲ್ಟ್ (ಫೆರಸ್ ಅಮೋನಿಯಂ ಸಲ್ಫೇಟ್) ತಗೊಳ್ಳಿ, ಗಾಳಿಗೆ ಅಷ್ಟು ಬೇಗ ಕೆಡಲ್ಲ. ಡಿಸ್ಟಿಲ್ಡ್ ವಾಟರ್ ಚೆನ್ನಾಗಿ ಕುದಿಸಿ ಮುಚ್ಚಿ ತಣ್ಣಗೆ ಮಾಡಿ, ಕರಗಿರೋ ಆಕ್ಸಿಜನ್ ಹೋಗುತ್ತೆ (ಬೆಂಗಳೂರಲ್ಲಿ 97 ಡಿಗ್ರಿಗೇ ಕುದಿಯುತ್ತೆ, ಥರ್ಮಾಮೀಟರ್ ಕೆಟ್ಟಿದೆ ಅಂದ್ಕೊಬೇಡಿ). ಅಮೋನಿಯಾನ ಕಬ್ಬಿಣಕ್ಕೆ ಹನಿಸೋ ಬದ್ಲು ಕಬ್ಬಿಣದ ದ್ರಾವಣಾನ ಜೋರಾಗಿ ತಿರುಗ್ತಿರೋ ಅಮೋನಿಯಾಗೆ ಸುರೀರಿ. ನೀವು ಮಾಡಿದ ಕ್ರಮದಲ್ಲಿ ಪಿಎಚ್ 2ರಿಂದ ನಿಧಾನಕ್ಕೆ ಏರುತ್ತೆ, ಫೆರಿಕ್ ಮೊದ್ಲೇ ಇಳಿದು ಗೋಥೈಟ್, ಅಕಗನೈಟ್ ಏನೇನೋ ಆಗಕ್ಕೆ ದಾರಿ ಸಿಗುತ್ತೆ. ಸುರಿದ್ರೆ ಒಂದೇ ಸಲಕ್ಕೆ 10 ದಾಟಿರುತ್ತೆ.

ಆರ್ಸೆನಿಕ್‌ಗೆ ಬಂದ್ರೆ, 81ರ ಹಿಂದೆ ಓಡ್ಬೇಡಿ ಅನ್ನೋದ್ರಲ್ಲಿ ಜಕ್ಕೂರು ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. 2006ರಲ್ಲಿ ಅಮೆರಿಕದ ರೈಸ್ ಯೂನಿವರ್ಸಿಟಿಯವ್ರು 12 ನ್ಯಾನೋಮೀಟರ್ ಮ್ಯಾಗ್ನೆಟೈಟ್‌ನಿಂದ ಆರ್ಸೆನಿಕ್ ಹಿಡಿದು ಸಣ್ಣ ಮ್ಯಾಗ್ನೆಟ್‌ನಿಂದಲೇ ಬೇರೆ ಮಾಡಿದ್ದು ದೊಡ್ಡ ಸುದ್ದಿ ಆಗಿತ್ತು. ನಿಮ್ 11.4 ಅದರ ಪಕ್ಕದಲ್ಲೇ ಇದೆ. ಮೇಲ್ಮೈ ಖಾಲಿ, ರಿಮನೆನ್ಸ್ (ಫೀಲ್ಡ್ ತೆಗೆದ ಮೇಲೂ ಉಳಿಯೋ ಮ್ಯಾಗ್ನೆಟಿಸಂ) ಇಲ್ಲ, ಮ್ಯಾಗ್ನೆಟ್ ತೆಗೆದ್ರೆ ಮತ್ತೆ ನೀರಲ್ಲಿ ಹರಡುತ್ತೆ, 52 ಎಳೆಯಕ್ಕೆ ಧಾರಾಳ. ಮ್ಯಾಗ್‌ಹೀಮೈಟ್ ಆಗಿದ್ರೂ ಆರ್ಸೆನಿಕ್ ಹಿಡಿಯುತ್ತೆ, ಹೆಸ್ರು ಸರಿಯಾಗಿ ಬರೀರಿ ಅಷ್ಟೇ. ಬೋರ್‌ವೆಲ್ ನೀರಲ್ಲಿ ಫಾಸ್ಫೇಟ್, ಸಿಲಿಕೇಟ್ ಇದ್ರೆ ಅವೂ ಅದೇ ಜಾಗಕ್ಕೆ ಕಿತ್ತಾಡ್ತವೆ, ಡಿಸ್ಟಿಲ್ಡ್ ವಾಟರ್‌ನಲ್ಲಿ ಮಾತ್ರ ಟೆಸ್ಟ್ ಮಾಡಿ ರಾಯಚೂರು ಅಂತ ಟೈಟಲ್ ಇಡ್ಬೇಡಿ.

ಕಪ್ಪುಪುಡಿ_ನಾಗರಭಾವಿ

ಅಪ್‌ಡೇಟ್. ಟೈಟ್ರೇಶನ್ ಮಾಡ್ದೆ, ಒಟ್ಟು ಕಬ್ಬಿಣದಲ್ಲಿ ಫೆರಸ್ 14 ಪರ್ಸೆಂಟ್ ಬಂತು, 33 ಬರ್ಬೇಕಿತ್ತು. ಅಂದ್ರೆ ಅರ್ಧಕ್ಕಿಂತ ಜಾಸ್ತಿ ಮ್ಯಾಗ್‌ಹೀಮೈಟ್ ಆಗಿದೆ ಅಂತ ಲೆಕ್ಕ. ಟಿಜಿಎ ಕೂಡ ಸಿಕ್ತು, 8 ಪರ್ಸೆಂಟ್ ತೂಕ ಕಳ್ಕೊಂಡಿದೆ, ನೀರೇ ಇರ್ಬೇಕು, ತಿದ್ದಿದ್ರೆ 52 ಅನ್ನೋದು 56 ಚಿಲ್ಲರೆ ಆಗುತ್ತೆ. ಗೈಡ್‌ಗೆ ತೋರಿಸ್ದೆ, ಅವ್ರೇ ಖುಷಿಯಾಗಿ "ಇದನ್ನೇ ಒಂದು ಚಾಪ್ಟರ್ ಮಾಡು" ಅಂದ್ರು. ಹೊಸ ಬ್ಯಾಚ್ ಮೋಹರ್ಸ್ ಸಾಲ್ಟ್‌ನಲ್ಲಿ ಮಾಡಿ ಒಣಗಿಸದೇ ಇಟ್ಟಿದೀನಿ. ವಿಎಸ್‌ಎಂಗೆ ಕಳ್ಸೋವರೆಗೂ ಹೇಗೆ ಇಡೋದು, ನೀರಲ್ಲಾ ಎಥನಾಲ್‌ನಲ್ಲಾ?

ಜಕ್ಕೂರು_ಕೆರೆ

ಎಥನಾಲ್‌ನಲ್ಲಿ, ಸಣ್ಣ ವಯಲ್, ಬಾಯಿವರೆಗೂ ತುಂಬಿ, ಮೇಲೆ ಗಾಳಿ ಜಾಗ ಬಿಡ್ಬೇಡಿ, ಪ್ಯಾರಾಫಿಲ್ಮ್ ಸುತ್ತಿ. ವಿಎಸ್‌ಎಂ ಸ್ಲಾಟ್ ಹಿಂದಿನ ದಿನ ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿ ರೂಮ್ ಟೆಂಪರೇಚರ್‌ನಲ್ಲೇ ಒಣಗಿಸಿ, ಓವನ್ ಹತ್ರ ಹೋಗ್ಬೇಡಿ. ಅದೇ ಬ್ಯಾಚ್‌ನಿಂದ ಸ್ವಲ್ಪ ತೆಗೆದು ಹಳೇ ಥರ 80 ಡಿಗ್ರಿಲಿ ಒಣಗಿಸಿ ಎರಡನ್ನೂ ಒಟ್ಟಿಗೆ ವಿಎಸ್‌ಎಂಗೆ ಕೊಡಿ, ಟೈಟ್ರೇಶನ್ನೂ ಎರಡಕ್ಕೂ ಮಾಡಿ. ಕಣದ ಸೈಜ್ ಒಂದೇ ಇರುತ್ತೆ, ಒಣಗಿಸಿದ ರೀತಿ ಮಾತ್ರ ಬೇರೆ. ಆ ಎರಡು ಗ್ರಾಫ್ ಅಕ್ಕಪಕ್ಕ ಇಟ್ರೆ ಎಕ್ಸ್‌ಟರ್ನಲ್ ಸೈಜ್ ಎಫೆಕ್ಟ್ ಬಗ್ಗೆ ಕೇಳಿದ್ರೂ ನಿಮ್ ಕೈಲಿ ಉತ್ತರ ಇರುತ್ತೆ.

ಬ್ರೌನ್_ಪುಡಿ_ನಂದೇ

ಮೇಡಂ ಅದೇ ಸ್ಲಾಟ್‌ನಲ್ಲಿ ನಂದೂ ಒಂದು ಸೇರಿಸ್ತೀವಿ, ಗ್ಲೈಸೀನ್ 2 ಮೋಲ್‌ದು. ಈ ಸಲ 33ರಲ್ಲಿ ಪೀಕ್ ಇಲ್ಲ, ಹುಡ್‌ನ ಗಾಜು ಮಾತ್ರ ಪೂರ್ತಿ ಕಪ್ಪಾಗಿದೆ, ಲ್ಯಾಬ್ ಅಟೆಂಡರ್ ಬೈತಿದಾರೆ.